ಕನ್ನೊಳ್ಳಿ ರೊಟ್ಟಿ ಪಾಕೀಟಿನ ಹಿಂಬದಿ

ಟ್ರೇಡ್‌ಮಾರ್ಕ್ ಏಜೆಂಟ್ ಎಂದರೆ ಏನು ಕೆಲಸ ಎಂಬುದು ನನ್ನ ಹೆಂಡತಿಯ ತವರಿನವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಾವನವರು ಬಂದವರ ಮುಂದೆ, "ನಮ್ಮ ಅಳಿಯಾ ಹೆಸರು ಇಡೂ ಕೆಲಸ ಮಾಡ್ತಾರ್ರಿ" ಎಂದುಬಿಡುತ್ತಿದ್ದರು. ಕೇಳಿದವರು ನಾನು ಜ್ಯೋತಿಷಿ ಎಂದುಕೊಂಡು ಮೊಮ್ಮಗನ ನಕ್ಷತ್ರ ಹೇಳಲು ಶುರು ಮಾಡುತ್ತಿದ್ದರು. ನಾನೂ ಬೇಡವೆನ್ನದೆ ಪೂರ್ತಿ ಕೇಳಿಸಿಕೊಂಡು, ಹೊರಡುವಾಗ ಅಂಗಡಿ, ಗಿರಣಿ ಏನಾದರೂ ಇದೆಯೇ ಎಂದು ವಿಚಾರಿಸಿ, ನನ್ನದೊಂದು ಕಾರ್ಡು ಕೈಗಿಟ್ಟು ಬರುತ್ತಿದ್ದೆ. ಹಾಗೆ ಬಂದ ಗಿರಾಕಿಗಳು ಕಡಿಮೆಯೇನಲ್ಲ.

ಈಗ ಸಿಂದಗಿಯ ನನ್ನ ಕಚೇರಿಗೆ ಬೀಗ ಹಾಕಿದ್ದೇನೆ. ಹೊಸದಾಗಿ ಪರೀಕ್ಷೆ ಪಾಸಾದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಸಲಹೆ ಕೇಳುತ್ತಾರೆ. ಅವರು ಕಾಯ್ದೆಯನ್ನು ನನಗಿಂತ ಚೆನ್ನಾಗಿ ಓದಿದ್ದಾರೆ. ಕಾಯ್ದೆಯಲ್ಲಿ ಇಲ್ಲದ್ದಷ್ಟೇ ನನ್ನ ಹತ್ತಿರ ಉಳಿದಿರುವುದು. ಅದನ್ನು ಬರೆದಿಡುತ್ತೇನೆ.

ನಾನು ಈ ಕೆಲಸಕ್ಕೆ ಕಾಯ್ದೆಯ ಬಾಗಿಲಿನಿಂದ ಬಂದವನಲ್ಲ. ವಿಜಯಪುರದ ಒಂದು ಮುದ್ರಣಾಲಯಕ್ಕೆ ಲೇಬಲ್ ಆರ್ಡರ್ ಹಿಡಿದು ಕೊಡುತ್ತಿದ್ದೆ. ಹೆಗಲಲ್ಲಿ ಮಾದರಿ ಚೀಟಿಗಳ ಚೀಲ. ಇವತ್ತು ಇಂಡಿಯಲ್ಲಿ ಉಪ್ಪಿನಕಾಯಿ ಮಾಡುವವರು, ನಾಳೆ ಬಸವನ ಬಾಗೇವಾಡಿಯಲ್ಲಿ ಊದಿನಕಡ್ಡಿಯವರು, ನಾಡಿದ್ದು ಮುದ್ದೇಬಿಹಾಳದಲ್ಲಿ ಖಾರಪುಡಿಯವರು. ಎಲ್ಲರಿಗೂ ನನ್ನ ಮೊದಲ ಪ್ರಶ್ನೆ ಒಂದೇ: ಹೆಸರು ಏನು ಹಾಕಲಿ? ಹೆಚ್ಚಿನವರ ಉತ್ತರವೂ ಒಂದೇ: ಊರ ಹೆಸರು ಹಾಕಿಬಿಡ್ರಿ. ನಾನು ಬಹಳ ಒಳ್ಳೇದು ಎಂದು ಬರೆದುಕೊಳ್ಳುತ್ತಿದ್ದೆ. ಊರ ಹೆಸರಿಗೆ ಯಾರೂ ತಕರಾರು ಮಾಡುವುದಿಲ್ಲ ಎಂದು ನಾನೂ ನಂಬಿದ್ದೆ, ಅವರೂ ನಂಬಿದ್ದರು.

ಆ ನಂಬಿಕೆ ಹಾರಿದ್ದು ಇಂಡಿಯಲ್ಲಿ. ಅಲ್ಲಿ ಇಬ್ಬರು ಲಿಂಬು ಉಪ್ಪಿನಕಾಯಿಯವರು. ಒಬ್ಬ ಇನ್ನೊಬ್ಬನ ತಂಗಿಯ ಗಂಡ. ಇಬ್ಬರಿಗೂ ಬೇರೆ ಬೇರೆ ತಿಂಗಳಲ್ಲಿ ಲೇಬಲ್ ಮಾಡಿಸಿ ಕೊಟ್ಟವನು ನಾನೇ. ಖರ್ಚು ಉಳಿಯಲೆಂದು ಒಂದೇ ಅಚ್ಚು ಬಳಸಿದ್ದೆ: ಅದೇ ಹಸಿರು, ಅದೇ ಹೋಳು ಮಾಡಿದ ಲಿಂಬೆಹಣ್ಣು, ಮೇಲೆ ದೊಡ್ಡ ಅಕ್ಷರದಲ್ಲಿ ಇಂಡಿ. ಒಬ್ಬನ ಬರಣಿ ಕೆಟ್ಟರೆ ಗಿರಾಕಿ ಇನ್ನೊಬ್ಬನ ಅಂಗಡಿಗೆ ಹೋಗಿ ಬೈದು ಬರುವಂತಾಯಿತು. ಇಬ್ಬರೂ ಒಂದೇ ದಿನ ನನ್ನ ಮನೆ ಬಾಗಿಲಿಗೆ ಬಂದರು. ಸುಮ್ಮನಿರಿಸಲು ನನಗೆ ಅರ್ಧ ದಿನ ಹಿಡಿಯಿತು. ಇಂಡಿ ಎಂಬ ಹೆಸರು ಇಬ್ಬರಿಗೂ ಇರಲಿ, ಒಬ್ಬರು ಗಿಣಿಯ ಚಿತ್ರ ಹಾಕಿ, ಇನ್ನೊಬ್ಬರು ಕೆಂಪು ಬಣ್ಣಕ್ಕೆ ಹೋಗಿ ಎಂದು ಒಪ್ಪಿಸಿದೆ. ಹೊಸ ಲೇಬಲ್ಲಿನ ಎರಡೂ ಆರ್ಡರ್ ನನಗೇ ಸಿಕ್ಕವು. ತಪ್ಪು ನನ್ನದು, ಲಾಭವೂ ನನ್ನದು. ಹೇಳಿಕೊಳ್ಳಲು ಸಂಕೋಚವಿಲ್ಲ, ಆ ಎರಡು ಆರ್ಡರಿನಿಂದಲೇ ಈ ಕೆಲಸದಲ್ಲಿ ಅನ್ನವಿದೆ ಎಂದು ನನಗೆ ಹೊಳೆದದ್ದು.

ಆಮೇಲೆ ವಿಜಯಪುರದ ಒಬ್ಬ ಹಿರಿಯ ವಕೀಲರ ಬಳಿ ಸೇರಿದೆ. ಎತ್ತರದ ಮನುಷ್ಯ, ಮಾತು ಕಡಿಮೆ, ಬೈಗುಳ ಇನ್ನೂ ಕಡಿಮೆ, ಆದರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ನಾನು ಕುಳಿತಲ್ಲಿಂದ ಎದ್ದು ನಿಲ್ಲುತ್ತಿದ್ದೆ. ಯಾವುದೇ ಕಾಗದ ಬಂದರೂ ಅವರು ಮೊದಲು ಕೇಳುತ್ತಿದ್ದುದು, "ದಿನಾ ಎಷ್ಟು ಉಳದಾವು?" ನ್ಯಾಯ ಯಾರ ಕಡೆ ಇದೆ ಎಂಬುದು ಆಮೇಲೆ. ಯಾರದೋ ಅರ್ಜಿ ನೋಂದಣಿ ಕಚೇರಿಯ ಜರ್ನಲ್ಲಿನಲ್ಲಿ ಪ್ರಕಟವಾದರೆ ವಿರೋಧಿಸಲು ನಾಲ್ಕು ತಿಂಗಳು. ಅದು ಕಳೆದರೆ ಬಾಗಿಲು ಮುಚ್ಚಿತು, ಕಿಟಕಿಯಿಂದ ಹತ್ತಬೇಕು, ಅಂದರೆ ಆದ ನೋಂದಣಿಯನ್ನು ರದ್ದು ಮಾಡಿಸಬೇಕು. ಕಿಟಕಿಯ ದಾರಿ ದುಬಾರಿ. ಆಗ ಅರ್ಜಿ ಎಂದರೆ ಕಾಗದದ ಕಂತೆ, ಚೆನ್ನೈಗೆ ರೈಲು, ಸರದಿಯಲ್ಲಿ ನಿಲ್ಲುವುದು. ಈಗ ಕುಳಿತಲ್ಲೇ ಕಂಪ್ಯೂಟರಿನಲ್ಲಿ ಸಹಿ ಬೀಳುತ್ತದೆ, ವಿಚಾರಣೆಯೂ ಪರದೆಯ ಮೇಲೆ ನಡೆಯುತ್ತದೆ. ನನ್ನ ಮೊದಲ ಅಂಥ ವಿಚಾರಣೆಯಲ್ಲಿ ಮೇಲೆ ಕೋಟು, ಕೆಳಗೆ ಲುಂಗಿ. ಒಂದು ಕಡತ ತರಲು ಎದ್ದು ನಿಂತಾಗ ಅಧಿಕಾರಿಗಳು ಕೆಮ್ಮಿದರು. ಆದ್ದರಿಂದ ಹೊಸಬರೇ, ಪ್ಯಾಂಟು ಹಾಕಿಕೊಂಡು ಕುಳಿತುಕೊಳ್ಳಿ.

ಊರ ಹೆಸರಿನ ಜಗಳಗಳಲ್ಲಿ ನಗು ಬಹಳ. ಮುದ್ದೇಬಿಹಾಳದಲ್ಲಿ ಒಬ್ಬರು ಬಾಗೇವಾಡಿ ಖಾನಾವಳಿ ಎಂಬ ಫಲಕ ಹಾಕಿಕೊಂಡಿದ್ದರು. ಅದೇ ಹೆಸರಿನ ಇನ್ನೊಂದು ಖಾನಾವಳಿ ತಾಳಿಕೋಟಿಯಲ್ಲಿ ತೆರೆದಾಗ, ಅದನ್ನು ಮುಚ್ಚಿಸಿ ಎಂದು ನನ್ನ ಬಳಿ ಬಂದರು. ಬಾಗೇವಾಡಿಯಲ್ಲೇ ಆ ಹೆಸರಿನವರು ಯಾರಾದರೂ ಇದ್ದಾರೋ ನೋಡೋಣ ಎಂದು ನಾನು ಬಸ್ಸು ಹತ್ತಿದೆ. ಅಲ್ಲಿ ಬಾಗೇವಾಡಿ ಖಾನಾವಳಿ ಒಂದೂ ಇರಲಿಲ್ಲ. ಮುದ್ದೇಬಿಹಾಳ ಖಾನಾವಳಿ ಇತ್ತು. ಒಳಗೆ ಹೋಗಿ ಊಟ ಮಾಡಿ ಮಾಲೀಕರನ್ನು ಕೇಳಿದರೆ, ಅವರು ಮುದ್ದೇಬಿಹಾಳ ಬಿಟ್ಟು ಬಂದವರು. ನಮ್ಮ ಕಡೆ ಹೀಗೆಯೇ. ಊರಿನಲ್ಲಿ ಇರುವವನಿಗೆ ಊರ ಹೆಸರು ಬೇಕಿಲ್ಲ, ಬಿಟ್ಟು ಬಂದವನಿಗೆ ಬೇಕು. ಖಾನಾವಳಿಗೂ ಅಷ್ಟೇ, ಮನುಷ್ಯರ ಅಡ್ಡಹೆಸರಿಗೂ ಅಷ್ಟೇ. ಇದು ನನಗೆ ಅಂದೇ ಗೊತ್ತಾಗಿತ್ತು. ಆದರೂ ನನ್ನ ವೃತ್ತಿಯ ಅತಿ ದೊಡ್ಡ ಎಡವಟ್ಟನ್ನು ನಾನು ಮಾಡಿದ್ದು ಇದೇ ವಿಷಯದಲ್ಲಿ, ನಿವೃತ್ತಿಗೆ ಎರಡೇ ವರ್ಷ ಇದ್ದಾಗ.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲಿ ಗೌರವ್ವ ಮತ್ತು ನೀಲವ್ವ ಎಂಬ ಇಬ್ಬರು ಸೇರಿ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದರು. ಅವರ ಮೊದಲ ಲೇಬಲ್ಲು ಮಾಡಿಸಿಕೊಟ್ಟವನೂ ನಾನೇ: ಕನ್ನೊಳ್ಳಿ ಖಡಕ್ ರೊಟ್ಟಿ. ಹಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕಿರಿಯಳಾದ ನೀಲವ್ವ ರೊಟ್ಟಿ ಬಡಿಯುವ ಯಂತ್ರ ತಂದಳು. ಹಿರಿಯಳಾದ ಗೌರವ್ವ ಯಂತ್ರದ ರೊಟ್ಟಿಯನ್ನು ಮೂಸಿ ನೋಡಿ, ಇದಕ್ಕೆ ಹಪ್ಪಳ ಅಂತಾರೆ ಎಂದಳು. ಅಷ್ಟಕ್ಕೆ ಇಬ್ಬರೂ ಬೇರೆಯಾದರು. ಗೌರವ್ವ ಕೈಯಿಂದ ಬಡಿದು ಸಂತೆಗಳಲ್ಲಿ ಮಾರಿದಳು. ನೀಲವ್ವ ಎಂಟು ಮಂದಿ ಹೆಂಗಸರನ್ನು ಇಟ್ಟುಕೊಂಡು ವಿಜಯಪುರದ ಒಂದು ದೊಡ್ಡ ಅಂಗಡಿಗೆ ವಾರಕ್ಕೆರಡು ಸಲ ಕಳಿಸತೊಡಗಿದಳು. ಪಾಕೀಟಿನ ಮೇಲೆ ಇಬ್ಬರದೂ ಅದೇ ಹೆಸರು.

ನೀಲವ್ವ ನನ್ನ ಕಚೇರಿಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು.

"ಆಕಿ ಪಾಕೀಟಿನ ಮ್ಯಾಲ ಕನ್ನೊಳ್ಳಿ ಅಂತ ಇರಬಾರದ್ರಿ ಕಾಕಾರ. ಆ ಹೆಸರ ಪ್ಯಾಟಿಗೆ ಮುಟ್ಟಿಸಿದಾಕಿ ನಾನು."

ಆಗಲೇ ನಾನು ಹೇಳಬೇಕಿತ್ತು: ತಂಗಿ, ಊರ ಹೆಸರು ಒಬ್ಬರಿಗೆ ಸಿಗುವುದಿಲ್ಲ, ಸಿಕ್ಕರೂ ದಕ್ಕುವುದಿಲ್ಲ. ಹೇಳಲಿಲ್ಲ. ಹಿಂದಿನ ವರ್ಷ ಒಂದೆರಡು ಕಷ್ಟದ ಅರ್ಜಿಗಳನ್ನು ಗೆದ್ದಿದ್ದೆ, ತಲೆ ಸ್ವಲ್ಪ ಮೇಲಿತ್ತು. ನೀಲವ್ವಳ ಹೆಸರಿನಲ್ಲಿ ಕನ್ನೊಳ್ಳಿ ಎಂಬ ಒಂದೇ ಪದಕ್ಕೆ, ಬೇರೆ ಯಾರಾದರೂ ಕೇಳಿದ್ದಾರೆಯೇ ಎಂದೂ ಹುಡುಕದೆ, ಅರ್ಜಿ ಹಾಕಿದೆ. ಇಬ್ಬರ ಹೆಸರೂ ಇದ್ದ ಹಳೆಯ ಪಾಕೀಟು, ಹಳೆಯ ಬಿಲ್ಲು ಮನೆಯಲ್ಲಿ ಇರಬಾರದು, ಒಲೆಗೆ ಹಾಕು ಎಂದೂ ಹೇಳಿದೆ. ಇದು ಊರ ಹೆಸರಲ್ಲವೇ ಎಂದು ನೋಂದಣಿ ಕಚೇರಿಯಿಂದ ಆಕ್ಷೇಪ ಬಂತು, ಬರಲೇಬೇಕಿತ್ತು. ಅದಕ್ಕೆ ಎರಡು ಪುಟದ ಉತ್ತರ ಬರೆದೆ. ಕನ್ನೊಳ್ಳಿ ಎಂದರೆ ಗಿರಾಕಿಗಳಿಗೆ ಈಗ ಊರು ನೆನಪಾಗುವುದಿಲ್ಲ, ಒಬ್ಬರ ರೊಟ್ಟಿಯೇ ನೆನಪಾಗುತ್ತದೆ ಎಂಬುದು ಅದರ ತಿರುಳು. ಎರಡೆರಡು ಸಲ ಓದಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೆಲವು ತಿಂಗಳಲ್ಲಿ ಸೊಲ್ಲಾಪುರದಿಂದ ನೀಲವ್ವಳಿಗೆ ನೋಟಿಸು ಬಂತು. ಅಲ್ಲಿನ ಒಬ್ಬ ರೊಟ್ಟಿ, ಚಟ್ನಿ ವ್ಯಾಪಾರಿಯ ಅಡ್ಡಹೆಸರೇ ಕನ್ನೊಳ್ಳಿ. ಅಜ್ಜನ ಕಾಲದಲ್ಲಿ ಊರು ಬಿಟ್ಟ ಮನೆತನ. ಅವರು ನಮಗಿಂತ ಮೊದಲೇ ಅದೇ ಪದಕ್ಕೆ ಅರ್ಜಿ ಹಾಕಿದ್ದರು. ಕನ್ನೊಳ್ಳಿ ನಮ್ಮ ಮನೆತನದ ಹೆಸರು, ಹದಿನೈದು ದಿನದಲ್ಲಿ ನಿಮ್ಮ ಪಾಕೀಟಿನಿಂದ ಅದನ್ನು ತೆಗೆಯಿರಿ ಎಂದು ಅದರಲ್ಲಿತ್ತು. ಜೊತೆಗೆ, ನೋಂದಣಿ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ಕಡತದಿಂದ ಒಂದು ನಕಲು ಲಗತ್ತಿಸಿದ್ದರು. ತಿರುವಿ ನೋಡಿದರೆ ನಾನು ಬರೆದ ಆ ಎರಡು ಪುಟ. ಕನ್ನೊಳ್ಳಿ ಎಂದರೆ ಊರು ನೆನಪಾಗುವುದಿಲ್ಲ ಎಂದು ನಿಮ್ಮ ಏಜೆಂಟರೇ ಒಪ್ಪಿದ್ದಾರೆ ಎಂದು ಆ ಸಾಲಿಗೆ ಗೆರೆ ಎಳೆದಿದ್ದರು.

ಜೀವನದಲ್ಲಿ ಮೊದಲ ಸಲ ನಾನೇ ಬರೆದದ್ದನ್ನು ಎದುರಾಳಿಯ ನೋಟಿಸಿನಲ್ಲಿ ಓದಿದೆ.

ಕಂಪ್ಯೂಟರಿನಲ್ಲಿ ಹುಡುಕಿದೆ. ಅವರಿಗೆ ನೋಂದಣಿ ಇನ್ನೂ ಆಗಿರಲಿಲ್ಲ, ಅರ್ಜಿ ಪ್ರಕಟವಾಗಿತ್ತಷ್ಟೇ. ನೋಟಿಸು ಓದಿ ಗಾಬರಿಯಾಗುವ ಮೊದಲು ಇದನ್ನು ನೋಡಬೇಕು ಎಂದು ಹೊಸಬರಿಗೆ ಒತ್ತಿ ಹೇಳುತ್ತೇನೆ. ವಿರೋಧಿಸಲು ಹತ್ತೊಂಬತ್ತು ದಿನ ಉಳಿದಿದ್ದವು. ಆದರೆ ವಿಜಯಪುರದ ಅಂಗಡಿಯವರಿಗೆ ಇದೆಲ್ಲ ಬೇಕಿರಲಿಲ್ಲ. ಅವರಿಗೂ ನೋಟಿಸಿನ ಒಂದು ನಕಲು ಹೋಗಿತ್ತು. ನೀಲವ್ವಳಿಗೆ ಫೋನು ಮಾಡಿ, "ನಂಗ ರೊಟ್ಟಿ ಬೇಕವಾ, ರಾಡಿ ಬ್ಯಾಡ. ಬರೂ ತಿಂಗಳದಾಗ ಇದು ಬಗಿಹರೀಲಿಲ್ಲಂದ್ರ ಬ್ಯಾರೇದವರ ಕಡೆ ತರಸ್ತೇನಿ" ಎಂದರು. ಆ ಅಂಗಡಿ ತಪ್ಪಿದರೆ ಎಂಟು ಮಂದಿ ಹೆಂಗಸರಿಗೆ ಕೆಲಸವಿಲ್ಲ, ಯಂತ್ರಕ್ಕೆ ಬಟ್ಟೆ ಹೊದಿಸಬೇಕು. ಹೆಸರು ಬದಲಿಸಿಬಿಡೋಣವೇ ಎಂದರೆ ನೀಲವ್ವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಕನ್ನೊಳ್ಳಿಯಲ್ಲಿ ಕುಳಿತು ಕನ್ನೊಳ್ಳಿ ಎಂದು ಬರೆಯಬಾರದೆಂದರೆ ಏನರ್ಥ ಎಂದು ಕೇಳಿದಳು.

ವಿರೋಧಕ್ಕೆ ಬೇಕಾದದ್ದು ಪುರಾವೆ. ಆ ಊರಿನಲ್ಲಿ ಆ ಹೆಸರಿನ ರೊಟ್ಟಿ ಎಷ್ಟು ವರ್ಷದಿಂದ, ಎಷ್ಟು ಜನರಿಂದ ಮಾರಾಟವಾಗುತ್ತಿದೆ ಎಂದು ತೋರಿಸಬೇಕು. ನೀಲವ್ವಳ ಹಳೆಯ ಕಾಗದವೆಲ್ಲ ನನ್ನ ಮಾತು ಕೇಳಿ ಬೂದಿಯಾಗಿತ್ತು. ಇನ್ನು ಉಳಿದವಳು ಗೌರವ್ವ.

ನೀಲವ್ವ ಬರಲು ಒಪ್ಪಲಿಲ್ಲ. ಎರಡು ದಿನ ಕಳೆಯಿತು. ಮೂರನೆಯ ದಿನ ತಾನೇ ಸೆರಗು ಹೊದ್ದು, ನಡೀರಿ ಎಂದಳು. ಗೌರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಮೊರದಲ್ಲಿ ಕೇರುತ್ತಲೇ ಕೇಳಿದಳು:

"ಯಾಕವಾ, ಮಿಷನ್ ಕೆಟ್ಟೈತೇನು?"

"ಮಿಷನ್ ಚಲೋ ಐತಿ. ನನ್ನ ಬುದ್ಧಿ ಕೆಟ್ಟಿತ್ತಕ್ಕಾ" ಎಂದಳು ನೀಲವ್ವ.

ಮೊರ ನಿಂತಿತು. ಚೌಕಾಸಿಯಲ್ಲಿ ಮೂವತ್ತು ವರ್ಷ ಕಳೆದವನು ಕಲಿತದ್ದು ಏನು ಎಂದರೆ ಇಂಥ ಗಳಿಗೆಯಲ್ಲಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಲ್ಲುವುದು. ಗೌರವ್ವ ಒಳಗೆ ಹೋಗಿ ದೇವರ ಜಗುಲಿಯ ಕೆಳಗಿನಿಂದ ಒಂದು ಬಟ್ಟೆಗಂಟು ತಂದಳು. ನಮ್ಮ ಕಡೆ ದೀಪಾವಳಿಯ ಲಕ್ಷ್ಮೀಪೂಜೆಗೆ ವ್ಯಾಪಾರದವರು ಆ ವರ್ಷದ ಬಿಲ್ಲು, ಮಾಲು ಜಗುಲಿಯ ಮುಂದೆ ಇಡುತ್ತಾರೆ. ಪೂಜೆ ಮುಗಿದ ಮೇಲೆ ಹೆಚ್ಚಿನವರು ಎತ್ತಿ ಬಿಸಾಡುತ್ತಾರೆ. ಗೌರವ್ವ ಬಿಸಾಡಿರಲಿಲ್ಲ. ಅರಿಷಿಣ ಕುಂಕುಮ ಹಚ್ಚಿದ ಕಾಗದವನ್ನು ಕಾಲಿಗೆ ಸಿಗುವ ಹಾಗೆ ಬಿಡಬಾರದೆಂದು ಪ್ರತಿ ವರ್ಷದ ಒಂದು ಪಾಕೀಟು, ಒಂದು ಬಿಲ್ಲು ಕಟ್ಟಿಟ್ಟಿದ್ದಳು. ಎಲ್ಲಕ್ಕಿಂತ ಕೆಳಗಿದ್ದ ಮೊದಲ ಲೇಬಲ್ಲಿನ ಬಿಲ್ಲು ನನ್ನದೇ ಕೈಬರಹದ್ದು. ತಾರೀಕಿನ ಮೇಲೆಯೇ ಕುಂಕುಮ ಬಿದ್ದಿತ್ತು, ಆದರೂ ಓದಬಹುದಿತ್ತು.

"ಕೊಡ್ತೇನಿ. ಆದ್ರ ಮೊದಲ ನಿನ್ನ ಅರ್ಜಿ ಹಿಂದ ತಗೀ" ಎಂದಳು ಗೌರವ್ವ. "ಅವ್ರು ನಮಗ ಬ್ಯಾಡ ಅಂದ್ರ ಅನ್ಯಾಯ, ನೀ ನನಗ ಬ್ಯಾಡ ಅಂದ್ರ ನ್ಯಾಯ ಆಕ್ಕೈತೇನು?"

ನೀಲವ್ವ ನನ್ನ ಕಡೆ ನೋಡಿದಳು. ಕಾಯ್ದೆಯ ಲೆಕ್ಕದಲ್ಲೂ ಗೌರವ್ವ ಹೇಳಿದ್ದೇ ಸರಿ. ನಾವೇ ಆ ಹೆಸರನ್ನು ಒಬ್ಬರಿಗೆ ಕೇಳುತ್ತಿರುವಾಗ ಅದು ಯಾರೊಬ್ಬರದೂ ಅಲ್ಲ ಎಂದು ಯಾವ ಬಾಯಿಂದ ವಾದಿಸುವುದು? ತಪ್ಪು ನನ್ನದು, ಈ ಅರ್ಜಿ ಹಾಕಿಸಲೇಬಾರದಿತ್ತು ಎಂದು ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಗಿರಾಕಿಯ ಎದುರು ಹೀಗೆ ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಹೊಸಬರು ಹೆದರುತ್ತಾರೆ. ನನಗೆ ಆ ದಿನ ಹೋದದ್ದು ಒಂದು ಅರ್ಜಿಯ ಶುಲ್ಕ ಮಾತ್ರ, ಅದನ್ನು ನೀಲವ್ವಳಿಗೆ ವಾಪಸು ಕೊಟ್ಟೆ. ಅವಳು ಅಲ್ಲೇ ಜೋಳದ ರಾಶಿಯ ಪಕ್ಕ ಕುಳಿತು ಅರ್ಜಿ ಹಿಂಪಡೆಯುವ ಕಾಗದಕ್ಕೆ ಸಹಿ ಮಾಡಿದಳು.

ಅಷ್ಟರಲ್ಲಿ ಸೊಲ್ಲಾಪುರದ ಬಸ್ಸಿನ ಪರಿಚಯದ ಕಂಡಕ್ಟರರಿಂದ ಆ ವ್ಯಾಪಾರಿಯ ರೊಟ್ಟಿ ಪಾಕೀಟು ಒಂದು ತರಿಸಿದ್ದೆ. ಎದುರಾಳಿಯ ಮಾಲನ್ನು ಕೊಂಡು ತಿನ್ನದೆ ಉತ್ತರ ಬರೆಯಬೇಡಿ. ರೊಟ್ಟಿ ಪರವಾಗಿಲ್ಲ, ಉಪ್ಪು ಸ್ವಲ್ಪ ಮುಂದು. ತಿಂದು ಪಾಕೀಟು ತಿರುವಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಬರೆದಿತ್ತು: ಕನ್ನೊಳ್ಳಿ ಗ್ರಾಮದ ಅಸಲಿ ರುಚಿ, ಅದೇ ಮಣ್ಣಿನ ಜೋಳ. ಎರಡನೆಯ ರೊಟ್ಟಿಯನ್ನು ಬಹಳ ಸಂತೋಷದಿಂದ ತಿಂದೆ. ಮುಂದಿನ ಬದಿಯಲ್ಲಿ ಅದು ಮನೆತನದ ಹೆಸರಾಗಿತ್ತು, ಹಿಂದಿನ ಬದಿಯಲ್ಲಿ ಊರಾಗಿತ್ತು.

ವಿರೋಧದ ಅರ್ಜಿಯನ್ನು ಪೂರ್ತಿ ಬರೆದು ಸಿದ್ಧವಿಟ್ಟುಕೊಂಡೇ ಅವರಿಗೆ ಫೋನು ಮಾಡಿದೆ. ಅವರೂ ಅರ್ಧ ದಾರಿ ಬರಲಿ, ನಾವೂ ಅರ್ಧ ದಾರಿ ಹೋಗೋಣ ಎಂದು ಇಂಡಿಯ ಒಂದು ಹೋಟೆಲು ಗೊತ್ತು ಮಾಡಿದೆವು. ಬೇರೆಯವರ ಊರಿಗೆ ಹೋಗಿ ಚೌಕಾಸಿ ಮಾಡಬೇಡಿ, ನಿಮ್ಮ ಊರಿಗೂ ಕರೆಸಬೇಡಿ. ಬಂದವರು ಐವತ್ತರ ಆಸುಪಾಸಿನ ಸಭ್ಯ ಮನುಷ್ಯ, ಬಿಳಿ ಅಂಗಿ, ಕೈಯಲ್ಲಿ ಕಡತ. ಹೆಂಗಸರಿಬ್ಬರನ್ನು ನೋಡಿ ಎದ್ದು ನಿಂತು ಕೈ ಮುಗಿದರು. ಭಜಿ, ಚಹಾ ಬಂದವು. ಅವರ ಕಷ್ಟವೂ ಖರೇ ಇತ್ತು. ಸೊಲ್ಲಾಪುರದಲ್ಲಿ ಇಬ್ಬರು ಅವರ ಪಾಕೀಟನ್ನೇ ನಕಲು ಮಾಡಿ ಮಾರುತ್ತಿದ್ದರು. ಅವರನ್ನು ತಡೆಯಲೆಂದು ಅರ್ಜಿ ಹಾಕಿದ್ದರು. ಕನ್ನೊಳ್ಳಿಯಲ್ಲಿ ಇನ್ನೂ ರೊಟ್ಟಿ ಮಾಡಿ ಮಾರುವವರು ಇದ್ದಾರೆ ಎಂಬುದು ಅವರಿಗೆ ಗೊತ್ತಾದದ್ದು ನಮ್ಮ ಅರ್ಜಿಯಿಂದಲೇ.

"ಶಾಳಾ ಸರ್ಟಿಫಿಕೇಟಿನಾಗ ಕನ್ನೊಳ್ಳಿ, ಅಂಗಡಿ ಬೋರ್ಡಿಗೆ ಕನ್ನೊಳ್ಳಿ" ಎಂದರು. "ಮೂರು ಪಿಢೀ, ಮೂರು ತಲಿಮಾರು ಆತ್ರಿ ಕಾಕಾ. ನನ್ನ ಹೆಸರು ನಾ ಹೆಂಗ ಬಿಡ್ಲಿ?"

ನಾನು ಅವರದೇ ಪಾಕೀಟನ್ನು ಮೇಜಿನ ಮೇಲೆ ಮಗುಚಿ ಇಟ್ಟೆ. ಅವರು ಓದಿದರು, ಕಡತದ ದಾರ ಬಿಗಿಯುತ್ತ ಕುಳಿತರು. ನಾನು ಮುಂದುವರಿಸುವವನಿದ್ದೆ, ಗೌರವ್ವ ನಡುವೆ ಮಾತಾಡಿದಳು.

"ತಮ್ಮಾ, ನಮ್ಮೂರಾಗ ಕನ್ನೊಳ್ಳಿ ಅನ್ನೂ ಅಡ್ಡಹೆಸರಿನವರು ಒಬ್ಬರೂ ಇಲ್ಲಪಾ. ನಿಮ್ಮಜ್ಜನ್ನ ಯಾರರ ಕನ್ನೊಳ್ಳಿ ಅಂತ ಕರದಿದ್ರ ಊರಿಗೂರ ಓ ಅಂತಿತ್ತು."

ಅವರು ಮೊದಲು ನಕ್ಕರು. ಆಮೇಲೆ ನಗು ನಿಂತು, "ಹಂಗಾರ ನಮ್ಮಜ್ಜಗ ಏನಂತಿದ್ರು?" ಎಂದು ಕೇಳಿದರು. ಗೌರವ್ವಳಿಗೆ ಗೊತ್ತಿರಲಿಲ್ಲ. ಹಿರಿಯರನ್ನು ಕೇಳಿ ಹೇಳುತ್ತೇನೆ, ನೀವೇ ಒಮ್ಮೆ ಬನ್ನಿ ಎಂದಳು.

ನಾನು ಇಟ್ಟ ಮಾತು ಇಷ್ಟು: ಒಂಟಿ ಪದದ ಅರ್ಜಿಯನ್ನು ಅವರು ಹಿಂತೆಗೆಯಲಿ. ಅವರ ಪಾಕೀಟಿನ ಚಿತ್ರ, ಬಣ್ಣ, ಜೊತೆಗೊಂದು ಸ್ವಂತ ಗುರುತಿನ ಹೆಸರು ಸೇರಿಸಿ ಹೊಸ ಅರ್ಜಿ ಹಾಕಲಿ. ಆಗ ನಕಲು ಮಾಡುವವರನ್ನು ಅದರ ಬಲದ ಮೇಲೆಯೇ ಹಿಡಿಯಬಹುದು. ಕನ್ನೊಳ್ಳಿ ಎಂಬುದು ಸಣ್ಣಕ್ಷರದಲ್ಲಿ ಅವರ ಪಾಕೀಟಿನ ಮೇಲೂ ಇರಲಿ, ಇವರ ಪಾಕೀಟುಗಳ ಮೇಲೂ ಇರಲಿ. ಯಾರೂ ಯಾರಿಗೂ ಬೇಡವೆನ್ನುವುದಿಲ್ಲ ಎಂದು ಬರವಣಿಗೆಯಲ್ಲಿ ಇರಲಿ. ಎದುರಿಗಿನವರು ಬರಿಗೈಯಲ್ಲಿ ಎದ್ದು ಹೋಗುವಂಥ ಒಪ್ಪಂದವನ್ನು ಯಾವತ್ತೂ ಮಾಡಿಸಬೇಡಿ, ಅದು ಮನೆ ಮುಟ್ಟುವಷ್ಟರಲ್ಲಿ ಮುರಿಯುತ್ತದೆ.

ಅವರು ಒಪ್ಪಿದರು. ಆದರೂ ನಾಳೆ ಬೆಳಿಗ್ಗೆ ನಾನು ವಿರೋಧದ ಅರ್ಜಿ ಸಲ್ಲಿಸುತ್ತೇನೆ ಎಂದು ಅಲ್ಲೇ ಅವರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ನಿಮ್ಮ ಮೇಲೆ ವಿಶ್ವಾಸವಿಲ್ಲವೆಂದಲ್ಲ, ಬಾಯಿಮಾತು ನಡೆಯುತ್ತಿದೆ ಎಂದು ದಿನಗಳು ನಿಲ್ಲುವುದಿಲ್ಲ, ನೀವು ನನ್ನ ಗಿರಾಕಿಯಾಗಿದ್ದರೂ ಇದನ್ನೇ ಮಾಡುತ್ತಿದ್ದೆ ಎಂದೆ. ಅವರು ಕಡತವನ್ನು ನನ್ನ ಕಡೆ ಸರಿಸಿ, "ಹಂಗಿದ್ರ ನನ್ನ ಹೊಸ ಅರ್ಜೀನೂ ನೀವ ಹಾಕ್ರಿ" ಎಂದರು. ಎರಡೂ ಕಡೆಯವರು ಒಪ್ಪಿ ಸಹಿ ಹಾಕುವವರೆಗೆ ಅದು ಆಗದು, ಆಮೇಲೆ ನೋಡೋಣ ಎಂದು ನಾನು ಭಜಿಯ ಹಣ ಕೊಟ್ಟೆ.

ಸಹಿಯಾದದ್ದು ಮರುವಾರ, ಕನ್ನೊಳ್ಳಿಯಲ್ಲಿ, ನೀಲವ್ವಳ ಪಡಸಾಲೆಯಲ್ಲಿ. ಪಕ್ಕದ ಕೋಣೆಯಲ್ಲಿ ಯಂತ್ರ ಓಡುತ್ತಿತ್ತು. ಒಪ್ಪಂದದ ನಕಲನ್ನು ವಿಜಯಪುರದ ಅಂಗಡಿಯವರಿಗೆ ಮೊಬೈಲಿನಲ್ಲಿ ಕಳಿಸಿದೆ. ಕಾಲು ಗಂಟೆಯಲ್ಲಿ ಅವರೇ ನೀಲವ್ವಳಿಗೆ ಫೋನು ಮಾಡಿ, ಯಾವಾಗಿನಂತೆ ಮಾಲು ಕಳಿಸು ಎಂದರು. ಕೈಯಿಂದ ಬಡಿದದ್ದೂ ಇದ್ದರೆ ಬೇರೆ ಪಾಕೀಟಿನಲ್ಲಿ ಬರಲಿ, ಕೇಳುವವರಿದ್ದಾರೆ ಎಂದರಂತೆ. ನೀಲವ್ವ ಫೋನನ್ನು ಗೌರವ್ವಳ ಕೈಗೆ ಕೊಟ್ಟಳು. ಗೌರವ್ವ ದರದ ಮಾತನ್ನು ನನಗಿಂತ ಚೆನ್ನಾಗಿ ಆಡಿದಳು.

ಅದೇ ಮಧ್ಯಾಹ್ನ ಊರಿನ ಒಬ್ಬ ಹಿರಿಯರನ್ನು ಕರೆಸಿದ್ದರು. ಅವರು ಸೊಲ್ಲಾಪುರದವರ ಅಜ್ಜನ ಹೆಸರು ಕೇಳಿ, ಮುಖವನ್ನು ಬಹಳ ಹೊತ್ತು ನೋಡಿ, "ಮೂಲಿಮನ್ಯಾರ ಪೈಕಿ ನೀವು" ಎಂದರು. ಓಣಿಯ ತುದಿಯ ಮೂಲೆಮನೆ. ಈಗ ಅಲ್ಲಿ ಹಿಟ್ಟಿನ ಗಿರಣಿ ಇದೆ. ಹೋಗಿ ನೋಡಿದೆವು. ಸೊಲ್ಲಾಪುರದವರು ಗಿರಣಿಯ ಗೋಡೆಗೆ ಕೈ ಇಟ್ಟು ನಿಂತರು. ಕೈಗೆ ಹಿಟ್ಟು ಹತ್ತಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಕಾಕಾ, ಮೂಲಿಮನಿ ಅಂತ ಅರ್ಜಿ ಹಾಕಿದ್ರ ನನಗ ಒಬ್ಬಾಂವಗ ಸಿಗತದೇನ್ರಿ?"

ನಾನು ಉತ್ತರ ಕೊಡುವ ಮೊದಲೇ ನೀಲವ್ವ ಮುಂದೆ ಬಂದಳು.

"ತಡೀರಿ ಅಣ್ಣಾರ. ಮೂಲಿಮನಿ ಅನ್ನೂವರು ಊರಾಗ ಇನ್ನೂ ಮೂರು ಮನಿಯವರು ಅದಾರ. ಮೊದಲ ಅವರನ್ನ ಕೇಳೂಣು ಬರ್ರಿ."

ಸೆರಗು ಸಿಕ್ಕಿಸಿಕೊಂಡು ಅವಳೇ ಮುಂದೆ ನಡೆದಳು. ನಾವು ಹಿಂದೆ ಹೋದೆವು.